ಹಳೇ ಗಾಡಿ, ಬೇರೆ ಎಂಜಿನ್, ಮ್ಯಾನುಯಲ್ ಗೇರ್‌ಬಾಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಗಾಡಿಗೆ ಬೇರೆ ಎಂಜಿನ್ ಕೂರಿಸುವವರು ಎಂಜಿನ್ ಬಗ್ಗೆ ಆರು ತಿಂಗಳು ಯೋಚಿಸುತ್ತಾರೆ, ಗೇರ್‌ಬಾಕ್ಸ್ ಬಗ್ಗೆ ಅರ್ಧ ಗಂಟೆ. ಆಮೇಲೆ ನನ್ನನ್ನು ಕೇಳುತ್ತಾರೆ. ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ತಿರುಗಿ ತಿರುಗಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದು ಕೊನೆಗೆ.

## ಕೈ ಹಾಕುವ ಮುಂಚೆ

ಬೆಲ್ ಹೌಸಿಂಗ್ ಬೋಲ್ಟ್ ತೂತು ಸರಿಯಾಗಿ ಕೂತರೆ ಸಾಕಲ್ವಾ?

ಸಾಲದು. ಬೆಲ್ ಹೌಸಿಂಗ್ ಅಂದರೆ ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಗಂಟೆ ಆಕಾರದ ಕವಚ. ಎಲ್ಲರೂ ಮೊದಲು ನೋಡುವುದು ಅದನ್ನೇ, ಮೋಸ ಹೋಗುವುದೂ ಅಲ್ಲೇ. ಬೋಲ್ಟ್ ತೂತು ಹೇಳುವುದು ಎರಡು ಲೋಹದ ಮುಖಗಳು ಒಂದಕ್ಕೊಂದು ಅಂಟುತ್ತವೆ ಅಂತ, ಅಷ್ಟೇ. ಗೇರ್‌ಬಾಕ್ಸ್ ನಿಜವಾಗಿ ಕೂರಬೇಕಾದರೆ ಇನ್ನೆರಡು ಸರಿ ಇರಬೇಕು: ಆಳ ಮತ್ತು ನಡು. ಆಳ ಅಂದರೆ ಇನ್‌ಪುಟ್ ಶಾಫ್ಟ್ (ಎಂಜಿನ್ ಕಡೆಗೆ ಚಾಚಿರುವ ಗೇರ್‌ಬಾಕ್ಸಿನ ದಂಡ) ಎಷ್ಟು ಮುಂದಕ್ಕೆ ಚಾಚಿ ಕ್ರ್ಯಾಂಕಿನೊಳಗೆ (ಎಂಜಿನ್‌ನ ತಿರುಗುವ ಮುಖ್ಯ ದಂಡ) ಎಲ್ಲಿ ನಿಲ್ಲುತ್ತದೆ ಅನ್ನೋದು. ನಡು ಅಂದರೆ ಕ್ರ್ಯಾಂಕಿನ ಮಧ್ಯರೇಖೆ, ಗೇರ್‌ಬಾಕ್ಸಿನ ಮಧ್ಯರೇಖೆ ಎರಡೂ ಒಂದೇ ಗೆರೆಯಲ್ಲಿ ಇರೋದು.

ಉದಾಹರಣೆಗೆ ಷೆವರ್ಲೆಯ ಎಲ್‌ಎಸ್ ಎಂಜಿನ್‌ಗೆ ಅದೇ ಕಂಪನಿಯ ಹಳೇ ವಿ-8 ಬೆಲ್ ಹೌಸಿಂಗ್ ಒಂದು ಬೋಲ್ಟ್ ಬಿಟ್ಟು ಉಳಿದದ್ದೆಲ್ಲ ಕೂರುತ್ತದೆ. ನೋಡಿದವರಿಗೆ ಖುಷಿ. ಆದರೆ ಅದರ ಕ್ರ್ಯಾಂಕ್ ಮುಖ ಹಳೆಯದಕ್ಕಿಂತ ಸುಮಾರು 10 ಮಿ.ಮೀ. ಒಳಗಿದೆ. ಹಾಗೇ ಜೋಡಿಸಿದರೆ ಶಾಫ್ಟಿನ ತುದಿ ಪೈಲಟ್ ಬುಶ್‌ನಲ್ಲಿ (ಕ್ರ್ಯಾಂಕಿನ ತೂತಿನಲ್ಲಿದ್ದು ಆ ತುದಿಯನ್ನು ಹಿಡಿಯುವ ಸಣ್ಣ ಬಳೆ) ಸರಿಯಾಗಿ ಕೂರುವುದಿಲ್ಲ.

ಹಳೇ ಗೇರ್‌ಬಾಕ್ಸೇ ಇಟ್ಟುಕೊಳ್ಳಲಾ, ಹೊಸ ಎಂಜಿನ್ ಜೊತೆ ಬಂದಿದ್ದನ್ನೇ ಹಾಕಲಾ?

ಎಂಜಿನ್ ಜೊತೆ ಹುಟ್ಟಿದ ಗೇರ್‌ಬಾಕ್ಸ್ ಸಿಕ್ಕರೆ ಅದನ್ನೇ ಹಾಕಿ. ಮುಂದಿನ ಮೂಳೆ ಮುರಿಯುವ ಕೆಲಸವೆಲ್ಲ (ಕ್ಲಚ್, ಫ್ಲೈವ್ಹೀಲ್ ಅನ್ನೋ ಕ್ರ್ಯಾಂಕಿನ ಹಿಂದಿನ ಭಾರದ ಚಕ್ರ, ಪೈಲಟ್, ಸ್ಟಾರ್ಟರ್) ಕಾರ್ಖಾನೆಯವರೇ ಮಾಡಿಕೊಟ್ಟಿರುತ್ತಾರೆ. ನಿಮಗೆ ಉಳಿಯುವುದು ಹಿಂಬದಿ ಕೆಲಸ: ಮೌಂಟ್, ಪ್ರೊಪೆಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಹೋಗುವ ದಂಡ), ಗೇರ್ ಲಿವರ್. ಇವೆಲ್ಲ ಕಣ್ಣಿಗೆ ಕಾಣುವ ಜಾಗದಲ್ಲಿವೆ, ತಪ್ಪಾದರೆ ಬಿಚ್ಚಿ ಸರಿ ಮಾಡಬಹುದು. ಬೆಲ್ ಹೌಸಿಂಗ್ ಒಳಗೆ ತಪ್ಪಾದರೆ ಗೊತ್ತಾಗುವುದೇ ಗಾಡಿ ಓಡಿದ ಮೇಲೆ.

ಹಳೆಯದನ್ನೇ ಉಳಿಸಿಕೊಳ್ಳಲು ಒಳ್ಳೇ ಕಾರಣ ಇರುವುದು 4×4 ಗಾಡಿಯಲ್ಲಿ. ಅದರ ಕಥೆ ಕೆಳಗೆ ಬರುತ್ತದೆ.

ಹೊಸ ಎಂಜಿನ್ ಪವರ್ ಜಾಸ್ತಿ. ಗೇರ್‌ಬಾಕ್ಸ್ ತಡೆಯುತ್ತಾ?

ಪವರ್ ನೋಡಬೇಡಿ, ಟಾರ್ಕ್ ನೋಡಿ. ಗೇರ್‌ಬಾಕ್ಸಿಗೆ ಕೊಡುವ ಸಾಮರ್ಥ್ಯದ ಅಂಕಿ ಅದರ ಇನ್‌ಪುಟ್ ಶಾಫ್ಟಿಗೆ ಬರುವ ಟಾರ್ಕ್. ಫೋರ್ಡ್ ಮಸ್ಟ್ಯಾಂಗ್‌ನಲ್ಲಿ ಬಂದ ವರ್ಲ್ಡ್ ಕ್ಲಾಸ್ ಟಿ-5 ಅನ್ನೋ 5 ಸ್ಪೀಡ್ ಗೇರ್‌ಬಾಕ್ಸ್, 1990ರ ನಂತರದ್ದು, 300 ಪೌಂಡ್-ಅಡಿ, ಅಂದರೆ ಸುಮಾರು 407 ನ್ಯೂಟನ್ ಮೀಟರ್ ಅಂತ ಲೆಕ್ಕ. ಆದರೆ ಟಿ-5 ಅಂತ ಹೆಸರಿರುವ ಎಲ್ಲವೂ ಅಷ್ಟು ತಡೆಯುವುದಿಲ್ಲ. ನಾಲ್ಕು ಸಿಲಿಂಡರ್ ಗಾಡಿಗೆ ಬಂದ ಟಿ-5 ಹೊರಗಿನಿಂದ ಅಣ್ಣತಮ್ಮನ ಹಾಗೆ ಕಾಣುತ್ತದೆ, ಒಳಗೆ ಅನುಪಾತವೇ ಬೇರೆ. ಹೆಸರು ನಂಬಬೇಡಿ, ಮೇಲಿನ ಟ್ಯಾಗ್ ನಂಬರ್ ನೋಡಿ ಕೊಳ್ಳಿ.

ಇನ್ನೊಂದು ವಿಷಯ. ಡೀಸೆಲ್ ಎಂಜಿನ್ 300 ನ್ಯೂಟನ್ ಮೀಟರ್ ಕೊಡುವ ರೀತಿ ಬೇರೆ, ಪೆಟ್ರೋಲ್ ಕೊಡುವ ರೀತಿ ಬೇರೆ. ಡೀಸೆಲ್‌ನದು ಕಡಿಮೆ ಆರ್‌ಪಿಎಂನಲ್ಲಿ ಒಂದೊಂದೇ ಗುದ್ದು. ಹಲ್ಲಿಗೆ ಬೀಳುವ ಪೆಟ್ಟು ಜಾಸ್ತಿ. ಅಂಕಿ ಸಮ ಇದ್ದರೂ ಡೀಸೆಲ್‌ಗೆ ಸ್ವಲ್ಪ ಅಂತರ ಇಟ್ಟುಕೊಂಡು ಆರಿಸಿ.

5 ಗೇರ್ ಇದ್ದರೆ 4 ಗೇರಿಗಿಂತ ಒಳ್ಳೇದೇ ಅಲ್ವಾ?

ಗೇರ್ ಎಷ್ಟು ಅನ್ನುವುದಕ್ಕಿಂತ ಅನುಪಾತ ಏನು ಅನ್ನುವುದು ಮುಖ್ಯ. ಲೆಕ್ಕ ಹಾಕಿ ನೋಡಿ, ಕಷ್ಟ ಇಲ್ಲ. ಟೈರಿನ ವ್ಯಾಸ 70 ಸೆಂ.ಮೀ. ಅಂದುಕೊಳ್ಳಿ. ಒಂದು ಸುತ್ತಿಗೆ 2.2 ಮೀಟರ್ ಓಡುತ್ತದೆ. ಗಂಟೆಗೆ 100 ಕಿ.ಮೀ. ಅಂದರೆ ಚಕ್ರ ನಿಮಿಷಕ್ಕೆ ಸುಮಾರು 758 ಸುತ್ತು. ಡಿಫರೆನ್ಷಿಯಲ್ (ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಅನುಪಾತ 4.10 ಆದರೆ ನೇರ ಗೇರಿನಲ್ಲಿ (ಅನುಪಾತ 1:1) ಎಂಜಿನ್ 3,100ರ ಹತ್ತಿರ ತಿರುಗುತ್ತದೆ. ಟಿ-5ರ 0.68 ಅನುಪಾತದ 5ನೇ ಗೇರಿನಲ್ಲಿ ಸುಮಾರು 2,110.

ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ಎಂಜಿನ್ 2,110ರಲ್ಲಿ ಗಾಡಿ ಎಳೆಯುತ್ತಾ? ಕೆಲವು ಹಳೇ ಪೆಟ್ರೋಲ್ ಎಂಜಿನ್‌ಗಳು ಅಲ್ಲಿ ನಿದ್ದೆ ಮಾಡುತ್ತಿರುತ್ತವೆ. ಆಗ 5ನೇ ಗೇರ್ ಇಳಿಜಾರಿಗೆ ಮಾತ್ರ. ಡೀಸೆಲ್‌ಗೆ ಅದೇ ಜಾಗ ಸ್ವರ್ಗ. ಉಲ್ಟಾ ತಪ್ಪೂ ಆಗುತ್ತದೆ: 3,500ಕ್ಕೇ ಮುಗಿಯುವ ಡೀಸೆಲ್ಲನ್ನು ಅದೇ 4.10 ಡಿಫರೆನ್ಷಿಯಲ್‌ಗೆ ನೇರ ಗೇರಿನ 4 ಸ್ಪೀಡ್‌ನಿಂದ ಜೋಡಿಸಿದರೆ ಗಾಡಿ 112 ದಾಟುವುದಿಲ್ಲ, ದಾಟಿಸುವವರೆಗೆ ಕಿರುಚುತ್ತಲೇ ಇರುತ್ತದೆ. ಲಾರಿಯಿಂದ ಬಂದ ಗೇರ್‌ಬಾಕ್ಸಿನ 1ನೇ ಗೇರನ್ನೂ ನೋಡಿ. ಜಿಎಂನ (ಜನರಲ್ ಮೋಟರ್ಸ್) ಎಸ್‌ಎಂ-465ರಲ್ಲಿ ಅದು 6.55. ಗಾಡಿ ಗೋಡೆ ಹತ್ತುತ್ತದೆ, ಆದರೆ ದಿನಾ ಓಡಿಸುವಾಗ 2ರಿಂದಲೇ ಶುರು ಮಾಡುತ್ತೀರಿ.

ದಾಖಲೆ, ನೋಂದಣಿ ತೊಂದರೆ ಆಗುತ್ತಾ?

ಎಂಜಿನ್ ಬದಲಾವಣೆಗೆ ಅನುಮತಿ ಬೇಕಾ ಅನ್ನುವುದು ನಿಮ್ಮೂರಿನ ಕಾನೂನು. ಎಂಜಿನ್ ಕೊಳ್ಳುವ ಮುಂಚೆ ವಿಚಾರಿಸಿ, ಕೂರಿಸಿದ ಮೇಲಲ್ಲ. ಇನ್ಶೂರೆನ್ಸಿನವರಿಗೂ ಹೇಳಿ.

## ಕ್ರ್ಯಾಂಕಿಗೂ ಗೇರ್‌ಬಾಕ್ಸಿಗೂ ನಡುವೆ

ಕ್ಲಚ್ ಪ್ಲೇಟ್ ಎಂಜಿನ್‌ದು ಹಾಕಬೇಕಾ, ಗೇರ್‌ಬಾಕ್ಸಿನದಾ?

ಎರಡರದ್ದೂ. ಪ್ಲೇಟಿನ ನಡುವಿನ ಸ್ಪ್ಲೈನ್ (ಶಾಫ್ಟಿಗೆ ಕಚ್ಚಿಕೊಳ್ಳುವ ಉದ್ದುದ್ದ ಹಲ್ಲು) ಗೇರ್‌ಬಾಕ್ಸಿಗೆ ಸೇರಿದ್ದು, ಹೊರ ವ್ಯಾಸ ಫ್ಲೈವ್ಹೀಲ್ ಮತ್ತು ಪ್ರೆಶರ್ ಪ್ಲೇಟಿಗೆ ಸೇರಿದ್ದು. ಹಾಗಾಗಿ ಸಾಮಾನ್ಯವಾಗಿ ಫ್ಲೈವ್ಹೀಲ್, ಪ್ರೆಶರ್ ಪ್ಲೇಟ್ ಎಂಜಿನ್ ಕಡೆಯಿಂದ ಬರುತ್ತವೆ, ನಡುವಿನ ಪ್ಲೇಟನ್ನು ಅದೇ ವ್ಯಾಸದ್ದು ಆದರೆ ಗೇರ್‌ಬಾಕ್ಸಿನ ಸ್ಪ್ಲೈನ್ ಇರುವುದು ಹುಡುಕಬೇಕು.

ಸ್ಪ್ಲೈನ್ ಎಣಿಸಿದರೆ ಮಾತ್ರ ಸಾಲದು, ವ್ಯಾಸವೂ ಬೇಕು. ಫೋರ್ಡ್‌ನ ಟಿ-5 ಶಾಫ್ಟಿನಲ್ಲಿ 10 ಸ್ಪ್ಲೈನ್, 1-1/16 ಇಂಚು. ಜಿಎಂನ ಹಳೇ ಮನ್ಸಿ ಗೇರ್‌ಬಾಕ್ಸಿನಲ್ಲೂ 10, ಆದರೆ 1-1/8 ಇಂಚು. 1971ರಿಂದ ಅದೇ ಮನ್ಸಿಯಲ್ಲಿ 26 ಸ್ಪ್ಲೈನ್. ಒಂದೇ ಹೆಸರು, ಎರಡು ಶಾಫ್ಟ್.

ಪ್ಲೇಟ್ ಸಿಕ್ಕಿದ ಮೇಲೆ ಬರೀ ಫ್ಲೈವ್ಹೀಲ್ ಮೇಲಿಟ್ಟು ಕೈಯಲ್ಲಿ ತಿರುಗಿಸಿ. ನಡುವಿನ ಸ್ಪ್ರಿಂಗ್ ಗೂಡು ಫ್ಲೈವ್ಹೀಲ್ ಬೋಲ್ಟ್ ತಲೆಗೆ ತಗುಲಿದರೆ ಅಲ್ಲೇ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ. ಅಂದ ಹಾಗೆ, ಹಳೇ ಕ್ಲಚ್ ಪ್ಲೇಟಿನ ಪುಡಿಯನ್ನು ಗಾಳಿ ಹೊಡೆದು ಊದಬೇಡಿ. ಆ ಕಾಲದ ಪ್ಲೇಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು.

ಪೈಲಟ್ ಬುಶ್ ಅಷ್ಟು ಚಿಕ್ಕದು, ಅದಿಲ್ಲದೆ ಓಡಿಸಿದರೆ ಏನಾಗುತ್ತೆ?

ಸ್ವಲ್ಪ ದಿನ ಓಡುತ್ತದೆ. ಆಮೇಲೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಹೋಗುತ್ತದೆ. ಆ ಶಾಫ್ಟ್ ಹಿಂದೆ ಒಂದು ಬೇರಿಂಗಿನಲ್ಲಿ ನಿಂತಿದೆ, ಮುಂದೆ ಈ ಬುಶ್‌ನಲ್ಲಿ. ಮುಂದಿನದು ಇಲ್ಲದಿದ್ದರೆ ಒಂದೇ ಕಾಲಲ್ಲಿ ನಿಂತ ಹಾಗೆ.

ಬೇರೆ ಜೋಡಿಯಲ್ಲಿ ಬುಶ್‌ನ ಹೊರ ವ್ಯಾಸ ಕ್ರ್ಯಾಂಕಿನ ತೂತಿಗೆ, ಒಳ ವ್ಯಾಸ ಶಾಫ್ಟಿನ ತುದಿಗೆ ಹೊಂದಬೇಕು. ಜೀಪಿನಲ್ಲಿ ಬಂದ ಎಎಕ್ಸ್-15 ಗೇರ್‌ಬಾಕ್ಸಿನ ತುದಿ ಒಂದು ಅಳತೆ, ಅದರ ಜಾಗಕ್ಕೆ ಬಂದ ಎನ್‌ವಿ-3550ರದು ಇನ್ನೊಂದು. ಎಂಜಿನ್ ಅದೇ, ಬುಶ್ ಬೇರೆ. ಅಂಗಡಿಯಲ್ಲಿ ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿ. ಎಣ್ಣೆ ಹೀರಿದ ಸಿಂಟರ್ಡ್ ಕಂಚು ಒಳ್ಳೇದು, ಅದಕ್ಕೆ ಗ್ರೀಸ್ ಬಳಿಯಬೇಡಿ, ಒಳಗಿನ ರಂಧ್ರ ಮುಚ್ಚಿಹೋಗುತ್ತದೆ. ಸೂಜಿ ಬೇರಿಂಗ್ ಹಾಕುವುದಾದರೆ ಶಾಫ್ಟಿನ ತುದಿ ಗಟ್ಟಿಯಾಗಿ ಹದಗೊಂಡಿರಬೇಕು, ಇಲ್ಲವಾದರೆ ಸೂಜಿಗಳು ಅದನ್ನು ತಿಂದುಹಾಕುತ್ತವೆ.

ಫ್ಲೈವ್ಹೀಲ್ ಕೂತಿತು, ಆದರೆ ಗಾಡಿ ನಡುಗುತ್ತಿದೆ. ಯಾಕೆ?

ಕೆಲವು ಎಂಜಿನ್‌ಗಳ ತೂಕದ ಸಮತೋಲ ಪೂರ್ತಿ ಕ್ರ್ಯಾಂಕಿನಲ್ಲೇ ಇರುತ್ತದೆ, ಕೆಲವದರಲ್ಲಿ ಸ್ವಲ್ಪ ಭಾಗ ಫ್ಲೈವ್ಹೀಲಿನಲ್ಲಿ. ಎರಡನೇ ಥರದ್ದಕ್ಕೆ ಮೊದಲ ಥರದ ಫ್ಲೈವ್ಹೀಲ್ ಹಾಕಿದರೆ ನಡುಕ ಗ್ಯಾರಂಟಿ. ಫೋರ್ಡ್‌ನ 302 ವಿ-8ರಲ್ಲಿ ಮೊದಲು 28 ಔನ್ಸ್ ಲೆಕ್ಕ ಇತ್ತು, 80ರ ದಶಕದ ಶುರುವಿನಲ್ಲಿ 50 ಔನ್ಸ್ ಆಯಿತು. ಎರಡೂ ಅದೇ ಬೋಲ್ಟಿಗೆ ಕೂರುತ್ತವೆ, ಅದೇ ಸಮಸ್ಯೆ. ಷೆವರ್ಲೆಯ ಸಣ್ಣ ವಿ-8ರಲ್ಲಿ ಕನಿಷ್ಠ ಎಚ್ಚರಿಕೆ ಸಿಗುತ್ತದೆ: 1985ರವರೆಗೆ ಕ್ರ್ಯಾಂಕಿನ ಬೋಲ್ಟ್ ವೃತ್ತ 3.58 ಇಂಚು, 1986ರಿಂದ 3 ಇಂಚು. ತಪ್ಪು ಫ್ಲೈವ್ಹೀಲ್ ಕೂರುವುದೇ ಇಲ್ಲ.

ಫ್ಲೈವ್ಹೀಲ್ ಅಂಚಿನ ಹಲ್ಲಿನ ಸಂಖ್ಯೆಯನ್ನೂ ನೋಡಿ. ಅದೇ ಷೆವರ್ಲೆಯಲ್ಲಿ 153 ಹಲ್ಲಿನದು, 168 ಹಲ್ಲಿನದು ಎರಡೂ ಇವೆ. ಸ್ಟಾರ್ಟರ್ ಮತ್ತು ಬೆಲ್ ಹೌಸಿಂಗ್ ಅದಕ್ಕೆ ತಕ್ಕ ಹಾಗೆ ಇರಬೇಕು.

ಗೇರ್‌ಬಾಕ್ಸ್ ಪೂರ್ತಿ ಒಳಗೆ ಹೋಗ್ತಿಲ್ಲ, ಒಂದು ಬೆರಳಷ್ಟು ಬಾಕಿ ಇದೆ. ಬೋಲ್ಟ್ ಹಾಕಿ ಎಳೆದುಬಿಡಲಾ?

ಬೇಡ. ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಾನು ಮೊದಲ ಸಲ ಮಾಡಿದಾಗ ಎಳೆದೇ ಬಿಟ್ಟೆ. ಸಂಜೆಯಾಗಿತ್ತು, ಹಸಿವಾಗಿತ್ತು, ನಾಲ್ಕು ಬೋಲ್ಟ್ ಸುತ್ತು ಸುತ್ತಾಗಿ ಬಿಗಿದೆ, "ಟಕ್" ಅಂತ ಕೂತಿತು. ಎಂಜಿನ್ ಸ್ಟಾರ್ಟ್ ಆಯಿತು, ಗಾಡಿ ಓಡಿತು, ನಾನು ಎಲ್ಲರಿಗೂ ತೋರಿಸಿಕೊಂಡು ಬಂದೆ. ಮೂರು ವಾರಕ್ಕೆ ಕ್ಲಚ್ ಒತ್ತಿದಾಗಲೆಲ್ಲ ಎಂಜಿನ್ ಸದ್ದು ಬದಲಾಗಲು ಶುರುವಾಯಿತು. ಬಿಚ್ಚಿದರೆ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ (ಕ್ರ್ಯಾಂಕ್ ಹಿಂದೆ-ಮುಂದೆ ಜರುಗದ ಹಾಗೆ ಹಿಡಿಯುವುದು) ಸವೆದು ಲೋಹ ಕಾಣುತ್ತಿತ್ತು. ಶಾಫ್ಟಿನ ತುದಿ ಕ್ರ್ಯಾಂಕಿನ ತೂತಿನ ತಳಕ್ಕೆ ಒತ್ತಿ, ಇಡೀ ಕ್ರ್ಯಾಂಕನ್ನು ಮುಂದಕ್ಕೆ ತಳ್ಳಿಕೊಂಡು ಕೂತಿತ್ತು. ನಾಲ್ಕು ಬೋಲ್ಟಿನ ಆತುರಕ್ಕೆ ಎಂಜಿನ್ ಪೂರ್ತಿ ಬಿಚ್ಚಿದೆ.

ಸರಿಯಾಗಿರುವ ಗೇರ್‌ಬಾಕ್ಸ್ ಕೈಯಿಂದ ತಳ್ಳಿದರೆ ಮುಖಕ್ಕೆ ಮುಖ ಅಂಟುವವರೆಗೆ ಹೋಗುತ್ತದೆ. ಹೋಗದಿದ್ದರೆ ಸಾಮಾನ್ಯ ಕಾರಣ ಮೂರು: ಕ್ಲಚ್ ಪ್ಲೇಟ್ ನಡುವಿಗೆ ಕೂತಿಲ್ಲ, ಪೈಲಟ್ ಬುಶ್ ಬಿಗಿ, ಅಥವಾ ಶಾಫ್ಟ್ ಉದ್ದ. ಮೊದಲನೆಯದಕ್ಕೆ ಅಲೈನ್‌ಮೆಂಟ್ ಕಡ್ಡಿ ಹಾಕಿ ಪ್ರೆಶರ್ ಪ್ಲೇಟ್ ಸಡಿಲಿಸಿ ಮತ್ತೆ ಬಿಗಿಯಿರಿ. ಎರಡನೆಯದಕ್ಕೆ ಬುಶ್ಶನ್ನು ಗೇರ್‌ಬಾಕ್ಸ್ ಹೊರಗಿರುವಾಗಲೇ ಶಾಫ್ಟಿನ ತುದಿಗೆ ಹಾಕಿ ನೋಡಿ. ಕ್ರ್ಯಾಂಕಿಗೆ ಹೊಡೆದು ಕೂರಿಸಿದಾಗ ಬುಶ್‌ನ ಒಳ ವ್ಯಾಸ ಸ್ವಲ್ಪ ಕುಗ್ಗುತ್ತದೆ ಅನ್ನೋದೂ ನೆನಪಿರಲಿ. ಮೂರನೆಯದನ್ನು ಅಳೆದೇ ತಿಳಿಯಬೇಕು: ಬೆಲ್ ಹೌಸಿಂಗಿನ ಗೇರ್‌ಬಾಕ್ಸ್ ಮುಖದಿಂದ ಕ್ರ್ಯಾಂಕ್ ತೂತಿನ ತಳಕ್ಕೆ ಎಷ್ಟು, ಗೇರ್‌ಬಾಕ್ಸ್ ಮುಖದಿಂದ ಶಾಫ್ಟ್ ತುದಿಗೆ ಎಷ್ಟು. ಮೊದಲನೆಯದು ಕೆಲವು ಮಿ.ಮೀ. ಜಾಸ್ತಿ ಇರಲೇಬೇಕು.

ಬಿಗಿದ ಮೇಲೂ ಒಂದು ಪರೀಕ್ಷೆ ಇದೆ. ಜೋಡಿಸುವ ಮುಂಚೆ ಕ್ರ್ಯಾಂಕಿನ ಹಿಂದೆ-ಮುಂದೆ ಆಟವನ್ನು ಡಯಲ್ ಗೇಜ್‌ನಿಂದ (ಕೂದಲೆಳೆಯಷ್ಟು ಜರುಗನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಅಳೆದಿಡಿ. ಜೋಡಿಸಿದ ಮೇಲೆ ಮುಂದಿನ ಪುಲ್ಲಿ ಕಡೆಯಿಂದ ಮತ್ತೆ ಅಳೆಯಿರಿ. ಎರಡೂ ಒಂದೇ ಬರಬೇಕು. ಆಟ ಮಾಯವಾಗಿದ್ದರೆ ಬಿಚ್ಚಿ.

## ಗಾಡಿಯೊಳಗೆ

ಕ್ಲಚ್ ಪೆಡಲ್ ಪೂರ್ತಿ ಒತ್ತಿದರೂ ಬಿಡ್ತಾ ಇಲ್ಲ. ಸಿಲಿಂಡರ್ ದೊಡ್ಡದು ಹಾಕಲಾ?

ಯಾವ ಸಿಲಿಂಡರ್? ಪೆಡಲ್ ಕಡೆಯದು ಮಾಸ್ಟರ್, ಕ್ಲಚ್ ಕಡೆಯದು ಸ್ಲೇವ್. ಮಾಸ್ಟರ್ ದೊಡ್ಡದಾದರೆ ಚಲನೆ ಜಾಸ್ತಿ, ಪೆಡಲ್ ಗಟ್ಟಿ. ಸ್ಲೇವ್ ದೊಡ್ಡದಾದರೆ ಉಲ್ಟಾ. ಲೆಕ್ಕ ಹೀಗೆ: ಪೆಡಲ್ 150 ಮಿ.ಮೀ. ಇಳಿಯುತ್ತದೆ, ಅನುಪಾತ 6 ಅಂದರೆ ಮಾಸ್ಟರ್ 25 ಮಿ.ಮೀ. ಒತ್ತುತ್ತದೆ. ಮಾಸ್ಟರ್ 3/4 ಇಂಚು, ಸ್ಲೇವ್ 7/8 ಇಂಚು ಆದರೆ ಸ್ಲೇವ್ ಸುಮಾರು 18 ಮಿ.ಮೀ. ಚಲಿಸುತ್ತದೆ. ಕ್ಲಚ್ ಫೋರ್ಕ್ ಅದನ್ನು ಅರ್ಧ ಮಾಡಿದರೆ ರಿಲೀಸ್ ಬೇರಿಂಗಿಗೆ (ಪ್ರೆಶರ್ ಪ್ಲೇಟ್ ಒತ್ತಿ ಕ್ಲಚ್ ಬಿಡಿಸುವುದು) ಸಿಗುವುದು 9. ನಿಮ್ಮ ಪ್ರೆಶರ್ ಪ್ಲೇಟಿಗೆ ಎಷ್ಟು ಬೇಕು ಅಂತ ತಿಳಿದು ಹಿಂದಕ್ಕೆ ಲೆಕ್ಕ ಹಾಕಿ.

ಆದರೆ ಅದಕ್ಕಿಂತ ಮುಂಚೆ ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ನೋಡಿ. ಹಳೇ ಗಾಡಿಯ ತೆಳು ತಗಡು ಪೆಡಲ್ ಒತ್ತಿದಾಗ ಬಾಗುತ್ತದೆ, ಅರ್ಧ ಚಲನೆ ಅಲ್ಲೇ ಖರ್ಚು. ಒಬ್ಬರು ಒತ್ತಲಿ, ಇನ್ನೊಬ್ಬರು ಹೊರಗಿಂದ ನೋಡಲಿ.

ಗೇರ್ ಲಿವರ್ ಸೀಟಿನ ಕೆಳಗೆ ಬಂದಿದೆ. ಇದಕ್ಕೇನಾದರೂ ದಾರಿ ಇದೆಯಾ?

ಒಂದೇ ಗೇರ್‌ಬಾಕ್ಸ್ ಬೇರೆ ಬೇರೆ ಗಾಡಿಯಲ್ಲಿ ಬೇರೆ ಹಿಂಬದಿಯ ಹೌಸಿಂಗ್ ಇಟ್ಟುಕೊಂಡು ಬಂದಿರುತ್ತದೆ. ಎಸ್-10 ಪಿಕಪ್‌ನ ಟಿ-5ರಲ್ಲಿ ಲಿವರ್ ಮುಂದಿದೆ, ಅದಕ್ಕೇ ಉದ್ದ ಸೀಟಿನ ಹಳೇ ಗಾಡಿಯವರು ಅದನ್ನು ಹುಡುಕುತ್ತಾರೆ. ಕ್ಯಾಮರೋದ ಟಿ-5 ಬೇಡ ಅಂತಲೇ ಹೇಳುತ್ತೇನೆ, ಅದು ಸುಮಾರು 17 ಡಿಗ್ರಿ ಓರೆಯಾಗಿ ಕೂರುತ್ತದೆ. ಮೌಂಟ್, ಲಿವರ್ ಎರಡೂ ಸೊಟ್ಟ.

ಪ್ರೊಪೆಲರ್ ಶಾಫ್ಟ್ ಎಷ್ಟು ಕತ್ತರಿಸಬೇಕು?

ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗ ಅಳೆಯಿರಿ, ಜ್ಯಾಕ್ ಮೇಲಲ್ಲ. ಜಾರುವ ಯೋಕ್ (ಗೇರ್‌ಬಾಕ್ಸಿನೊಳಗೆ ಕೂರುವ ಶಾಫ್ಟಿನ ಮುಂದಿನ ತುದಿ) ಪೂರ್ತಿ ಒಳಗೆ ತಳ್ಳಿ, 20-25 ಮಿ.ಮೀ. ಹೊರಗೆಳೆದು ಅಳತೆ ತೆಗೆದುಕೊಳ್ಳಿ. ಕತ್ತರಿಸಿ ಬೆಸುಗೆ ಹಾಕಿದ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು.

ಕೋನದ ವಿಷಯ: ಗೇರ್‌ಬಾಕ್ಸಿನ ಹಿಂದಿನ ಶಾಫ್ಟ್ ಮತ್ತು ಡಿಫರೆನ್ಷಿಯಲ್ ಮೂತಿ ಸಮಾನಾಂತರ ಇರಬೇಕು. ಪ್ರತಿ ಜಾಯಿಂಟಿನಲ್ಲಿ 1ರಿಂದ 3 ಡಿಗ್ರಿ ಒಳ್ಳೇದು, ಎರಡರ ನಡುವೆ ವ್ಯತ್ಯಾಸ 1 ಡಿಗ್ರಿ ಮೀರಬಾರದು. ಸೊನ್ನೆಯೂ ಬೇಡ, ಜಾಯಿಂಟಿನೊಳಗಿನ ಬೇರಿಂಗಿನ ಸೂಜಿಗಳು ಉರುಳದೆ ಒಂದೇ ಜಾಗದಲ್ಲಿ ಗುಂಡಿ ತೋಡುತ್ತವೆ.

ಯಾವ ಎಣ್ಣೆ ಹಾಕಲಿ, ದಪ್ಪದ್ದೇ ಅಲ್ವಾ ಒಳ್ಳೇದು?

ಗೇರ್‌ಬಾಕ್ಸ್ ಮಾಡಿದವರು ಹೇಳಿದ್ದು. ವರ್ಲ್ಡ್ ಕ್ಲಾಸ್ ಟಿ-5ಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಎಣ್ಣೆ), ಅದಕ್ಕಿಂತ ಹಳೇ ಟಿ-5ಗೆ ಗೇರ್ ಎಣ್ಣೆ. ಹಿತ್ತಾಳೆ ಸಿಂಕ್ರೊ (ಗೇರ್ ಹಾಕುವಾಗ ವೇಗ ಹೊಂದಿಸುವ ಬಳೆ) ಇರುವ ಹಳೇ ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಎಣ್ಣೆ ಅಂದಿದ್ದರೆ ಜಿಎಲ್-5 ಸುರಿಯಬೇಡಿ. ಅದರ ಗಂಧಕದ ಅಂಶ ಹಿತ್ತಾಳೆಯನ್ನು ಕಾಡಬಹುದು.

## ಕಷ್ಟದ ಪ್ರಶ್ನೆಗಳು

ಎಂಜಿನ್ ಆಟೋಮ್ಯಾಟಿಕ್ ಗಾಡಿಯಿಂದ ಬಂದಿದೆ. ಮ್ಯಾನುಯಲ್ ಹಾಕಬಹುದಾ?

ಹಾಕಬಹುದು. ಆದರೆ ಮೊದಲು ಕ್ರ್ಯಾಂಕಿನ ಹಿಂಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಆಟೋಮ್ಯಾಟಿಕ್‌ಗೆ ಹೋದ ಕೆಲವು ಕ್ರ್ಯಾಂಕ್‌ಗಳಲ್ಲಿ ಪೈಲಟ್ ತೂತನ್ನು ಪೂರ್ತಿ ಕೊರೆದೇ ಇರುವುದಿಲ್ಲ. ಕ್ರೈಸ್ಲರ್ ಎಂಜಿನ್‌ಗಳಲ್ಲಿ ಇದು ಹಳೇ ಕಥೆ. ಅಲ್ಲಿ ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಬದಲಿಗೆ ಇರುವುದು) ಕೂರುವ ದೊಡ್ಡ ಗುಂಡಿಯಲ್ಲೇ ದೊಡ್ಡ ಹೊರವ್ಯಾಸದ ಬೇರಿಂಗ್ ಕೂರಿಸುತ್ತಾರೆ, ಆದರೂ ಶಾಫ್ಟಿನ ತುದಿಗೆ ಒಳಗೆ ಜಾಗ ಇದೆಯಾ ಅಂತ ಅಳೆಯಬೇಕು.

ಸೆನ್ಸರ್ ಇನ್ನೊಂದು ಬಲೆ. ಜೀಪಿನ 4.0 ಎಂಜಿನ್‌ನಲ್ಲಿ ಕ್ರ್ಯಾಂಕ್ ಸೆನ್ಸರ್ ಬೆಲ್ ಹೌಸಿಂಗ್ ಮೇಲೆ ಕೂತು ಫ್ಲೈವ್ಹೀಲಿನ ಕಚ್ಚುಗಳನ್ನು ಓದುತ್ತದೆ. ಕಚ್ಚಿಲ್ಲದ ಫ್ಲೈವ್ಹೀಲ್ ಹಾಕಿದರೆ ಸ್ಟಾರ್ಟೇ ಆಗುವುದಿಲ್ಲ, ನೀವು ಪೆಟ್ರೋಲ್ ಪಂಪ್ ಬದಲಿಸುತ್ತಾ ಕೂರುತ್ತೀರಿ.

ಅಡಾಪ್ಟರ್ ಪ್ಲೇಟ್ ನಾನೇ ಮಾಡಿಸಿಕೊಳ್ಳಬಹುದಾ?

ಮಾಡಿಸಬಹುದು. ಎಂಜಿನ್ ಮತ್ತು ಗೇರ್‌ಬಾಕ್ಸ್ ತೂತು ಹೊಂದದಾಗ ನಡುವೆ ಹಾಕುವ ತಟ್ಟೆ ಅದು. ಪ್ಲೇಟಿನ ದಪ್ಪವನ್ನು ಇನ್‌ಪುಟ್ ಶಾಫ್ಟ್ ನಿರ್ಧರಿಸುತ್ತದೆ, ನಿಮ್ಮ ಹತ್ತಿರ ಬಿದ್ದಿರುವ ತಗಡಲ್ಲ. 20 ಮಿ.ಮೀ. ಪ್ಲೇಟ್ ಹಾಕಿದರೆ ಶಾಫ್ಟ್ ಅಷ್ಟು ಹಿಂದೆ ಹೋಗುತ್ತದೆ. ಪೈಲಟ್ ಬುಶ್ ಅಷ್ಟು ಹೊರಗೆ ಬರಬೇಕು, ರಿಲೀಸ್ ಬೇರಿಂಗ್ ಅಷ್ಟು ಮುಂದೆ ಬರಬೇಕು. ಸ್ಟಾರ್ಟರ್ ಬೆಲ್ ಹೌಸಿಂಗಿಗೆ ಕೂರುವಂಥದ್ದಾದರೆ ಅದೂ ಹಲ್ಲಿನಿಂದ ಅಷ್ಟು ದೂರ.

ಬೋಲ್ಟ್ ತೂತುಗಳನ್ನು ಕಾಗದದ ಮೇಲೆ ಒತ್ತಿ ಗುರುತು ಮಾಡಿದರೆ ನಡೆಯುತ್ತದೆ, ಅವುಗಳಿಗೆ ಸ್ವಲ್ಪ ಸಡಿಲ ಇರುತ್ತದೆ. ಡೌವೆಲ್ ಪಿನ್ ತೂತುಗಳಿಗೆ ಆ ಆಟ ನಡೆಯುವುದಿಲ್ಲ. ನಡು ಹಿಡಿಯುವುದೇ ಅವು, ಬೋಲ್ಟ್ ಬರೀ ಒತ್ತಿ ಹಿಡಿಯುತ್ತದೆ. ಬ್ಲಾಕಿನ ಡೌವೆಲ್ ಕ್ರ್ಯಾಂಕಿನಿಂದ ಎಷ್ಟು ದೂರ ಅಂತ ಮಿಲ್ಲಿಂಗ್ ಯಂತ್ರದ ಮೇಲೆ ಅಳೆದು ಕೊರೆಸಿ.

ಡಯಲ್ ಗೇಜ್‌ನಲ್ಲಿ 0.012 ಇಂಚು ಬಂತು. ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ಗೇಜನ್ನು ಕ್ರ್ಯಾಂಕಿಗೆ ಕಟ್ಟಿ, ಬೆಲ್ ಹೌಸಿಂಗಿನ ಹಿಂದಿನ ದೊಡ್ಡ ತೂತಿನ ಒಳ ಅಂಚಿನಲ್ಲಿ ಸುತ್ತಿಸಿದಾಗ ಒಟ್ಟು ಓಡಾಟ 0.005 ಇಂಚು, ಅಂದರೆ 0.13 ಮಿ.ಮೀ. ಒಳಗಿರಬೇಕು. ಗೇಜ್ ತೋರಿಸುವುದು ನಿಜವಾದ ಜರುಗಿನ ಎರಡರಷ್ಟು. 0.012 ಬಂದಿದ್ದರೆ ಜರುಗಿರುವುದು 0.006. ಆಫ್‌ಸೆಟ್ ಡೌವೆಲ್ (ನಡು ಸ್ವಲ್ಪ ಸರಿದಿರುವ ಪಿನ್) 0.007, 0.014, 0.021 ಅಳತೆಯಲ್ಲಿ ಸಿಗುತ್ತವೆ. 0.007ರದ್ದು ಹಾಕಿ ತಿರುಗಿಸಿ ಹೊಂದಿಸಿದರೆ ಓಡಾಟ 0.002ಕ್ಕೆ ಬರುತ್ತದೆ.

4×4 ಗಾಡಿಯಲ್ಲಿ ಏನು ಬದಲಾಗುತ್ತೆ?

ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಇದೆ, ಅದಕ್ಕೂ ಸ್ಪ್ಲೈನ್, ಅದಕ್ಕೂ ಬೋಲ್ಟ್ ವೃತ್ತ. ಮೇಲಿನ ತಲೆನೋವೆಲ್ಲ ಹಿಂಬದಿಯಲ್ಲೂ ಇನ್ನೊಂದು ಸಲ. ಗೇರ್‌ಬಾಕ್ಸ್ 10 ಸೆಂ.ಮೀ. ಉದ್ದವಾದರೆ ಮುಂದಿನ ಶಾಫ್ಟ್ ಅಷ್ಟು ಉದ್ದ, ಹಿಂದಿನದು ಅಷ್ಟು ಗಿಡ್ಡ. ಗಿಡ್ಡ ವ್ಹೀಲ್‌ಬೇಸಿನಲ್ಲಿ ಹಿಂದಿನ ಕೋನ ಕಡಿದಾಗುತ್ತದೆ. ಅದಕ್ಕೇ ಹಳೇ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಹಾಗೇ ಬಿಟ್ಟು ಎಂಜಿನ್ ಕಡೆ ಮಾತ್ರ ಅಡಾಪ್ಟರ್ ಹಾಕುವುದು ಇಲ್ಲಿ ಜಾಣತನ, ಟಾರ್ಕ್ ತಡೆದರೆ.

ಎಂಜಿನ್ ಉಲ್ಟಾ ತಿರುಗುತ್ತೆ ಅಂದ್ರು. ಹಾಗೂ ಇರುತ್ತಾ?

ಇರುತ್ತದೆ. ಹೋಂಡಾದ ಹಳೇ ಬಿ, ಡಿ ಸರಣಿ, ಷೆವರ್ಲೆ ಕಾರ್ವೆರ್ ಎಲ್ಲ ಉಲ್ಟಾ. ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಕಾರ್ವೆರ್ ಎಂಜಿನ್ ಹಾಕಿದವರು ಗೇರ್‌ಬಾಕ್ಸಿನ ಒಳಗಿನ ಡಿಫರೆನ್ಷಿಯಲ್ ರಿಂಗ್ ಗೇರನ್ನು ಆಚೆ ಪಕ್ಕಕ್ಕೆ ತಿರುಗಿಸಿ ಕೂರಿಸುತ್ತಿದ್ದರು. ಹಾಗೆ ಮಾಡದಿದ್ದರೆ ಮುಂದಕ್ಕೆ ಒಂದು ಗೇರ್, ಹಿಂದಕ್ಕೆ ನಾಲ್ಕು.

ಎಲ್ಲ ಆಯ್ತು, ಈಗ ಒಂದು ಸದ್ದು ಬರ್ತಿದೆ. ಎಲ್ಲಿಂದ?

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ, ಬಿಟ್ಟು ನೋಡಿ. ಬಿಟ್ಟಾಗ ಸದ್ದು, ಒತ್ತಿದರೆ ಮಾಯ ಅಂದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್. ಒತ್ತಲು ಶುರು ಮಾಡಿದ ತಕ್ಷಣ ಬಂದರೆ ರಿಲೀಸ್ ಬೇರಿಂಗ್. ಪೂರ್ತಿ ಒತ್ತಿ ಗೇರ್ ಹಾಕಿ ಹಿಡಿದಾಗ ಮಾತ್ರ ಕಿರ್ರ್ ಅಂದರೆ ಪೈಲಟ್, ಯಾಕೆಂದರೆ ಆಗ ಶಾಫ್ಟ್ ನಿಂತು ಕ್ರ್ಯಾಂಕ್ ಮಾತ್ರ ತಿರುಗುತ್ತಿರುತ್ತದೆ. ಸದ್ದಿಲ್ಲ, ಆದರೆ ಭಾರದಲ್ಲಿ ನೇರ ಗೇರ್ ತಾನೇ ಕಳಚಿಕೊಳ್ಳುತ್ತಿದೆ ಅಂದರೆ ಗೇರ್‌ಬಾಕ್ಸನ್ನು ಬೈಯುವ ಮುಂಚೆ ಡಯಲ್ ಗೇಜ್ ತೆಗೆದುಕೊಳ್ಳಿ, ನಡು ತಪ್ಪಿರಬಹುದು.